ಮೂಕಾಕ್ಷರ ತಂಡ

ಗುರುವಾರ ರಾತ್ರಿ, ‘ಮೂರು ಹೆರಿಂಗ್’ ಪಬ್ಬಿನ ಒಳಕೋಣೆ.
ಹೊರಗೆ ಉತ್ತರ ಸಮುದ್ರ ತನ್ನ ಪಾಡಿಗೆ ಕಲ್ಲು ತೊಳೆಯುತ್ತಿದೆ.
ಒಳಗೆ ನಾಲ್ಕು ಮೇಜು, ಮೊಂಡಾದ ನಾಲ್ಕು ಪೆನ್ಸಿಲು,
ಮುಳುಗಿದ ದೋಣಿಯಿಂದ ಎತ್ತಿ ತಂದ ಒಂದು ಗಂಟೆ.
ಬಾರಿಸುವವರು ಮಿಸೆಸ್ ಥ್ವೇಟ್:
ಶಾಲೆಯ ಲೈಬ್ರರಿಯಿಂದ ನಿವೃತ್ತರಾಗಿ ಹನ್ನೊಂದು ವರ್ಷ,
“ಶ್!” ಎನ್ನುವುದರಿಂದ ಇನ್ನೂ ಆಗಿಲ್ಲ.

ನಮ್ಮದು ಮೂಕಾಕ್ಷರ ತಂಡ. ಹೆಸರಿಟ್ಟವಳು ಇನಿಡ್,
ಮೂವತ್ತು ವರ್ಷ ಊರಿಗೆ ಅಂಚೆ ಹಂಚಿದವಳು.
“ನೈಫ್ ಬರೆದು ನೋಡಿ, ಮುಂದೊಂದು ಕೆ,
ಬಾಗಿಲ ಕಾವಲಿನವನ ಹಾಗೆ ನಿಂತಿರುತ್ತದೆ, ತುಟಿ ಬಿಚ್ಚುವುದಿಲ್ಲ.
ಲ್ಯಾಂಬಿನ ಬಾಲಕ್ಕೊಂದು ಬಿ.
ಸಂಬಳ ಉಂಟು, ಕೆಲಸ ಇಲ್ಲ,
ಥೇಟ್ ನಮ್ಮ ಪುರಸಭೆ.”

ತಂಡದಲ್ಲೂ ಒಬ್ಬನಿದ್ದಾನೆ ಹಾಗೆ: ಕತ್‌ಬರ್ಟ್.
ಏಡಿಬುಟ್ಟಿ ಹೆಣೆದು ಸೊಟ್ಟಗಾದ ಬೆರಳು, ಎಂಬತ್ತೊಂದರ ಪ್ರಾಯ,
ಮೂರು ಚಳಿಗಾಲದಲ್ಲಿ ಒಂದೂ ಉತ್ತರ ಹೇಳಿದವನಲ್ಲ.
ಕಿಟಕಿ ಪಕ್ಕದ ಕುರ್ಚಿ, ಅರ್ಧ ಗ್ಲಾಸು ಕಪ್ಪು ಬಿಯರು,
ಮುಖ ಕಡಲಿನ ಕಡೆ.
ತೆಗೆದುಹಾಕಬಹುದಿತ್ತು;
ಕಾಗುಣಿತ ತಪ್ಪುತ್ತದೆ.

ಎದುರು ಮೇಜಿಗೆ ಅರ್ಧವಿರಾಮ ತಂಡ:
ದಂತವೈದ್ಯನೊಬ್ಬ, ಮೇಷ್ಟರಿಬ್ಬರು, ಒಬ್ಬಳು ವಕೀಲೆ,
ಸೋತರೂ ವ್ಯಾಕರಣಬದ್ಧವಾಗಿ ಸೋಲುವ ಜನ.

ಮೊದಲ ಸುತ್ತು ಬಹುವಚನ.
“ಗೂಸ್ ಎರಡಾದರೆ ಗೀಸ್, ಮೂಸ್ ಎರಡಾದರೆ ಮೀಸ್ ಯಾಕಲ್ಲ?”
ಟ್ಯಾಮ್ಸಿನ್ ಜಗಳಕ್ಕೇ ನಿಂತಳು,
ಚಿಪ್ಸ್ ಅಂಗಡಿಯ ಎಣ್ಣೆ ಘಾಟು ಇನ್ನೂ ಅವಳ ತೋಳಲ್ಲಿ.
“ಮೂಸ್ ಒಪ್ಪುವುದಿಲ್ಲ,” ಅಂದರು ಮಿಸೆಸ್ ಥ್ವೇಟ್.
ಫಿಶ್ ಎಷ್ಟಾದರೂ ಫಿಶ್ಶೇ, ಅದು ನಮಗೆ ಗೊತ್ತಿತ್ತು.
ಈ ಊರಲ್ಲಿ ಅದು ವ್ಯಾಕರಣವಲ್ಲ, ಲೆಕ್ಕ.
ಈಗೀಗ ಎಣಿಸಲೂ ಅಷ್ಟಿಲ್ಲ.

ಆಮೇಲೆ ಪದ್ಯದ ಸುತ್ತು. ಸಾನೆಟ್ಟಿಗೆ ಸಾಲೆಷ್ಟು?
ಹದಿನಾಲ್ಕು, ನಾನೇ ಬರೆದೆ.
ನಾನು ಓಡಿಸುವ ಬಸ್ಸಿಗೆ ನಿಲ್ದಾಣಗಳೂ ಅಷ್ಟೇ.
ಕೊನೆಯವೆರಡು ಪ್ರಾಸ ಕೂಡಿದಂತೆ ಹತ್ತಿರ ಹತ್ತಿರ:
ಆಸ್ಪತ್ರೆ, ಸ್ಮಶಾನ.

ಹನ್ನೊಂದಕ್ಕೆ ಹತ್ತು ನಿಮಿಷ. ಎರಡೂ ಮೇಜಿಗೆ ಮೂವತ್ತೇಳು.
ಬಹುಮಾನ ಹಂದಿಮಾಂಸದ ಪೈ,
ಮೇಲೆ ಹಿಟ್ಟಿನಲ್ಲೇ ಒತ್ತಿದ ಪ್ರಶ್ನಾರ್ಥಕ ಚಿಹ್ನೆ.
ಕೊನೆಯ ಪ್ರಶ್ನೆ:
“ಗಿಟಾರಿನ ಕತ್ತಿನ ಮೇಲೆ ಸಾಲಾಗಿ ಕೂತದ್ದು,
ತಾಯಂದಿರ ಎದೆಯೊಳಗೆ ಎದ್ದು ಓಡಾಡುವುದು,
ಒಂದೇ ಪದ. ಒಂದು ನಿಮಿಷ.”

ಇನಿಡ್ ಪೆನ್ಸಿಲು ಕಚ್ಚಿದಳು.
ಟ್ಯಾಮ್ಸಿನ್ ಗಾಳಿಯಲ್ಲೇ ಗಿಟಾರು ಹಿಡಿದು ಬೆರಳೂರಿದಳು,
ಬೆರಳಿಗೆ ಗೊತ್ತು, ಬಾಯಿಗೆ ಬರಲೊಲ್ಲದು.
ನಲವತ್ತು ಸೆಕೆಂಡು.
ಆಗ, ಕಿಟಕಿಗೆ ಹೇಳುವವನಂತೆ,
ಕತ್‌ಬರ್ಟ್: “ಫ್ರೆಟ್ ಬಂತು.”

ಕಡಲಿಂದೆದ್ದು ಬರುವ ತಣ್ಣನೆ ಮಂಜಿಗೆ
ಈ ದಂಡೆಯವರು ಹಾಗನ್ನುತ್ತೇವೆ.
ಅವನು ಹೇಳಿದ್ದು ಹವೆ. ಟ್ಯಾಮ್ಸಿನ್ ಕೇಳಿದ್ದು ಉತ್ತರ.
ಫ್ರೆಟ್! ತಂತಿಯಡಿಯ ಲೋಹದ ಪಟ್ಟಿ.
ಫ್ರೆಟ್! ಮಗ್ಗುಲು ಬದಲಿಸಿ ಬದಲಿಸಿ ಬೆಳಗು ಮಾಡುವ ಕೊರಗು.

ದಂತವೈದ್ಯನಿಗೂ ಕಿವಿಯಿತ್ತು, ಅದೇ ಎಡವಟ್ಟು.
ಅವರೂ ಗೀಚಿದರು. ಗೀಚಿ, ತಕರಾರನ್ನೂ ಎತ್ತಿದರು:
“ಅದು ಉತ್ತರವಲ್ಲ, ಹವಾಮಾನ ವರದಿ!”
ವಕೀಲೆ ಎದ್ದಳು: “ಹೇಳಿದವರ ಉದ್ದೇಶವೇನಿತ್ತು?”
“ಉದ್ದೇಶ?” ಕತ್‌ಬರ್ಟ್ ಗ್ಲಾಸು ಕೆಳಗಿಟ್ಟ.
“ಮನೆಗೆ ಹೋಗುವುದು.”

ಮಿಸೆಸ್ ಥ್ವೇಟ್ ಗಂಟೆ ಬಾರಿಸಿ, ಚಾಕು ತರಿಸಿ,
ಪೈಯನ್ನು ಅಡ್ಡ ಸೀಳಿದರು.
ಕೊಕ್ಕೆ ಅವರಿಗೆ,
ಚುಕ್ಕೆ ನಮಗೆ.

ಹೊರಗೆ ಬಂದರೆ ಬೀದಿಯೇ ಇಲ್ಲ.
ಬ್ಯಾಂಕಿನ ಹೆಸರು, ಬೇಕರಿಯ ಹೆಸರು,
ನನ್ನ ಬಸ್ಸಿನ ಹಣೆಬರಹ,
ಎಲ್ಲ ಅಕ್ಷರಗಳೂ ಒಟ್ಟಿಗೆ ಮೂಕ.
ಎರಡೂ ತಂಡ ಒಂದೇ ಸಾಲಾಗಿ ಹೊರಟೆವು,
ಒಬ್ಬರ ಕೋಟಿನ ಚುಂಗು ಇನ್ನೊಬ್ಬರ ಕೈಯಲ್ಲಿ,
ಯಾರೋ ಇನ್ನೂ “ಮೀಸ್, ಮೀಸ್” ಎಂದು ಗೊಣಗುತ್ತ.
ಎಲ್ಲರಿಗಿಂತ ಮುಂದೆ
ನೈಫಿನ ಆ ಕೆ,
ಏನೂ ಹೇಳದೆ ಎಡಕ್ಕೆ ತಿರುಗಿತು.
ತಿರುಗಿದೆವು.